ಮನೆಯವರ ಹೂಂ

ಧಾರವಾಡದ ನೆಂಟರು ನನ್ನ ಕೆಲಸ ಏನೆಂದು ಕೇಳಿದಾಗಲೆಲ್ಲ, ಆಸ್ಪತ್ರೆಗೆ ಜನರನ್ನು ಆರಿಸಿ ಕೊಡುವುದು ಎನ್ನುತ್ತೇನೆ. ಕಾಶಿಯಲ್ಲಿ ಆಸ್ಪತ್ರೆಯೆಂದರೆ ಸಾಯಲು ಬಂದವರ ಜಾಗ ಎಂದುಕೊಂಡು ಅವರು ಮುಖ ಸಪ್ಪಗೆ ಮಾಡುತ್ತಾರೆ. ಅಂಥದ್ದೇನೂ ಇಲ್ಲ. ಸಾರನಾಥದ ಕಡೆಗೆ ಹೋಗುವ ರಸ್ತೆಯಲ್ಲಿರುವ ಖಾಸಗಿ ಆಸ್ಪತ್ರೆ ನಮ್ಮದು. ಹೆರಿಗೆಯವರು, ಮೂಳೆ ಮುರಿದವರು, ಡೆಂಗಿ ಜ್ವರದವರು ಬಂದು ವಾಸಿಯಾಗಿ ಮನೆಗೆ ಹೋಗುತ್ತಾರೆ. ನರ್ಸು, ಲ್ಯಾಬ್ ಟೆಕ್ನೀಷಿಯನ್, ರಿಸೆಪ್ಷನ್ನಿನವರು, ಯಾರಿಗೆ ಅಲ್ಲಿ ಕೆಲಸ ಬೇಕಾದರೂ ಮೊದಲು ನನ್ನೆದುರು ಕೂರಬೇಕು. ಗೇಟಿನ ಗಾರ್ಡಿನಿಂದ ಹಿಡಿದು ಎಲ್ಲರಿಗೂ ನಾನು ಎಚ್ಆರ್ ಮೇಡಂ.

ಗಂಡ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಬಂದಾಗ ಜೊತೆಗೆ ಬಂದವಳು ನಾನು. ಮಗ ಇಲ್ಲೇ ಬೆಳೆದು ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುವಷ್ಟು ದೊಡ್ಡವನಾಗಿದ್ದಾನೆ. ಇಷ್ಟು ವರ್ಷವಾದರೂ ನಮ್ಮ ಆಸ್ಪತ್ರೆಯ ಆಡಳಿತ ನೋಡುವ ದೊಡ್ಡ ಸಾಹೇಬರಿಗೆ ನಾನು ನಿನ್ನೆ ರೈಲಿಳಿದವಳು. ಯಾವ ಮಾತಿಗೆ ಎದುರಾಡಿದರೂ "ಅರೇ ಮೇಡಂ, ಆಪ್ ತೋ ಸೌತ್ ಕೀ ಹೈಂ" ಎಂದುಬಿಡುತ್ತಾರೆ. ದಕ್ಷಿಣದವಳಿಗೆ ಇಲ್ಲಿಯ ರೀತಿ ನೀತಿ ಏನು ತಿಳಿಯಬೇಕು ಎಂದು ಅದರ ಅರ್ಥ. ಆ ಮಾತು ಕೇಳಿದಾಗ ನನ್ನ ಕಿವಿಯ ತುದಿ ಕಾಯುತ್ತದೆ. ಈಗಲೂ ಕಾಯುತ್ತದೆ.

ಆ ರೀತಿ ನೀತಿಯಲ್ಲಿ ಒಂದಕ್ಕೆ 'ಘರ್ ಸೇ ಬಾತ್' ಎಂದು ಹೆಸರು. ಎಂದರೆ ಮನೆಯವರೊಂದಿಗೆ ಮಾತು. ಹೆಂಗಸೊಬ್ಬಳು ಪರೀಕ್ಷೆ ಬರೆದು, ವಾರ್ಡಿನಲ್ಲಿ ಕೈಕೆಲಸ ಮಾಡಿ ತೋರಿಸಿ, ಸಂದರ್ಶನದಲ್ಲಿ ಪಾಸಾದರೂ ಕೆಲಸ ಸಿಕ್ಕಿತು ಅಂತಲ್ಲ. ಅವಳ ಅಪ್ಪನೋ ಗಂಡನೋ ಅಣ್ಣನೋ ಬಂದು ದೊಡ್ಡ ಸಾಹೇಬರ ಕೋಣೆಯಲ್ಲಿ ಕೂತು ಚಹಾ ಕುಡಿದು, ಇವಳು ನೈಟ್ ಡ್ಯೂಟಿ ಮಾಡಲು ನಮ್ಮ ಒಪ್ಪಿಗೆ ಇದೆ ಎನ್ನಬೇಕು. ಹಾಗೆ ಹೂಂ ಅಂದ ಮೇಲೆಯೇ ಆರ್ಡರ್ ಕೈಗೆ. ಹುಡುಗಿಯರು ಸೇರಿದ ಸ್ವಲ್ಪ ದಿನಕ್ಕೇ ಮನೆಯವರು ಬೇಡವೆಂದರು ಅಂತ ಬಿಟ್ಟು ಹೋಗುತ್ತಾರೆ, ಅದಕ್ಕೇ ಈ ಎಚ್ಚರಿಕೆ ಎಂದು ಸಾಹೇಬರ ಸಮಜಾಯಿಷಿ. ಗಂಡಸರು ಬಿಟ್ಟು ಹೋಗುವುದಿಲ್ಲವೇ? ಎಕ್ಸ್‌ರೇ ವಿಭಾಗದ ಒಬ್ಬ ಮಹಾಶಯ ಮಧ್ಯಾಹ್ನ ಊಟಕ್ಕೆಂದು ಹೋದವನು ತಿರುಗಿ ಬರಲೇ ಇಲ್ಲ. ಎದುರು ರಸ್ತೆಯ ಆಸ್ಪತ್ರೆಯಲ್ಲಿ ಹೊಸ ಏಪ್ರನ್ ಹಾಕಿಕೊಂಡು ನಿಂತಿದ್ದ. ಅವನ ಹೆಂಡತಿಯನ್ನು ಕರೆಸಿ ಚಹಾ ಕುಡಿಸಿ ಒಪ್ಪಿಗೆ ಕೇಳಿದವರು ಯಾರೂ ಇಲ್ಲ. ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿದೆನೆಂದು ತಿಳಿದುಕೊಂಡಿದ್ದರು.

ಆ ಹುಡುಗಿ ನನ್ನೆದುರು ಬಂದು ಕೂತದ್ದು ಬೇಸಿಗೆಯಲ್ಲಿ. ಮೂವತ್ತರ ಆಸುಪಾಸಿನವಳನ್ನು ಹುಡುಗಿ ಎನ್ನುತ್ತಿದ್ದೇನೆ, ನನ್ನ ವಯಸ್ಸಿಗೆ ಅಷ್ಟು ಸಲುಗೆ ಇರಲಿ. ಐಸಿಯುನಲ್ಲಿ ಕೆಲಸ ಮಾಡಿದ ಅನುಭವವಿದ್ದ ನರ್ಸು. ಹಿಂದಿಯಲ್ಲೇ ಮಾತಾಡುತ್ತಿದ್ದಳು. ಅಪ್ಪ ಏನು ಮಾಡುತ್ತಾರೆ ಎಂದಾಗ ಸೋನಾರ್‌ಪುರದ ಹತ್ತಿರದ ಒಂದು ಮಠದ ಅಡುಗೆಮನೆಯಲ್ಲಿದ್ದಾರೆ ಎಂದಳು. ಅದು ನಮ್ಮ ಕಡೆಯವರ ಮಠ.

"ಕನ್ನಡ ಬರ್ತದೇನು?" ಎಂದೆ.

ಅವಳ ಮುಖ ಅರಳಿತು. "ಬರ್ತದ್ರೀ ಮೇಡಂ. ಅಪ್ಪಂದು ಕಲಬುರ್ಗಿ ಕಡೇದು. ನಾ ಇಲ್ಲೇ ಹುಟ್ಟಿದಾಕಿ. ಥೋಡಾ ಮಿಕ್ಸ್ ಆಗ್ತದ, ಹಸಬ್ಯಾಡ್ರೀ. ನಗಬ್ಯಾಡ್ರೀ ಅಂದೆ."

ನಾನು ನಗಲಿಲ್ಲ. ನನ್ನ ಮಗನ ಬಾಯಲ್ಲಿ ಇಷ್ಟು ಕನ್ನಡ ಬಂದಿದ್ದರೂ ಸಾಕಿತ್ತು.

ಹಳೆಯ ಕೆಲಸ ಏಕೆ ಬಿಟ್ಟೆ ಎಂದು ನಾನು ಕೇಳಲೇಬೇಕು, ಅದು ನನ್ನ ಕೆಲಸ. ಅವಳು ಬಾಗಿಲ ಕಡೆ ನೋಡಿ ಕನ್ನಡದಲ್ಲೇ ಹೇಳಿದಳು. ಗಂಡ ಇದೇ ಊರಿನ ಇನ್ನೊಂದು ಕೊನೆಯಲ್ಲಿದ್ದಾನೆ. ಹೊಡೆತ ತಾಳಲಾರದೆ ಅವನನ್ನು ಬಿಟ್ಟು ಅಪ್ಪನ ಹತ್ತಿರ ಬಂದಿದ್ದಾಳೆ. ಅವನು ಮಠದೊಳಗೆ ಕಾಲಿಡುವುದಿಲ್ಲ, ಒಮ್ಮೆ ಬಂದಾಗ ಸ್ವಾಮಿಗಳು ಬೈದು ಕಳಿಸಿದ್ದರು. ಆದರೆ ಹಳೆಯ ಆಸ್ಪತ್ರೆ ಅವನಿಗೆ ಗೊತ್ತಿತ್ತು. ಡ್ಯೂಟಿ ಮುಗಿಯುವ ಹೊತ್ತಿಗೆ ಗೇಟಿನಲ್ಲಿ ನಿಲ್ಲುತ್ತಿದ್ದ. ಒಂದು ದಿನ ಎಲ್ಲರೆದುರು ಜಡೆ ಹಿಡಿದು ಎಳೆದ. ಮರುದಿನ ಆಸ್ಪತ್ರೆಯವರು ಇವಳನ್ನೇ ಕರೆದು, ನಮಗೆ ಗಲಾಟೆ ಬೇಡ, ನೀನು ಬರಬೇಡ ಎಂದರು.

"ನೈಟ್ ಡ್ಯೂಟಿದು ನನಗ ಯಾವ ದಿಕ್ಕತ್ತೂ ಇಲ್ರೀ, ತ್ರಾಸ್ ಇಲ್ಲ," ಎಂದಳು. "ಎಷ್ಟ್ ಹೇಳ್ತೀರಿ ಅಷ್ಟ್ ಮಾಡ್ತೀನಿ. ಒಂದೇ ಮಾತು. ನಾ ಎಲ್ಲಿ ಕೆಲಸಾ ಮಾಡ್ತೀನಿ ಅಂತ ಅಂವಗ ತಿಳೀಬಾರ್ದು."

ತಿಳಿಯುವುದಿಲ್ಲ ಎಂದು ನಾನು ಹೇಳಿದೆ. ಅಪ್ಪ ಬಂದು ಒಂದು ಮಾತು ಹೇಳಿದರೆ ಸಾಕು, ಗಂಡನ ಸುದ್ದಿಯೇ ಏಳುವುದಿಲ್ಲ ಎಂದು ನಂಬಿಕೊಂಡಿದ್ದೆ. ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಇವಳ ಕೈಕೆಲಸ ನೋಡಿ ಬಂದು, ಈಕೆಯನ್ನು ನನಗೇ ಕೊಡಿ, ಬೇರೆ ಕಡೆ ಹಾಕಬೇಡಿ ಎಂದು ಮೊದಲೇ ಹಕ್ಕು ಸಾಧಿಸಿ ಹೋದಳು.

ಅಪ್ಪನನ್ನು ಕರೆದುಕೊಂಡು ಬಂದಳು. ಅರವತ್ತು ದಾಟಿದ ಮನುಷ್ಯ, ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬದುಕೆಲ್ಲ ಮಠದಲ್ಲಿ ಹಿರಿಯರು ಹೇಳಿದ್ದಕ್ಕೆ ಆಯ್ತು ಅಂದುಕೊಂಡು ಬಂದವರು. ಯಾರು ಏನು ಕೇಳಿದರೂ ಇಲ್ಲ ಅನ್ನುವುದು ಅವರ ಬಾಯಲ್ಲಿ ಬರುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಬಿಡುವುದು ಬೇಡ ಕಾಕಾ ಎಂದರೆ, "ಇರ್ಲಿ ಬಿಡ್ರೀ ಅಕ್ಕಾರ, ದೊಡ್ಡವರ ಖೋಲಿ" ಎಂದರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು, ನನ್ನನ್ನು ಅಕ್ಕಾ ಎನ್ನುತ್ತಿದ್ದರು.

ದೊಡ್ಡ ಸಾಹೇಬರು ಒಳ್ಳೆಯ ಮೂಡಿನಲ್ಲಿದ್ದರು. ಬಾಬೂಜಿ, ಬಾಬೂಜಿ ಎಂದು ಕೂರಿಸಿ ಚಹಾ ತರಿಸಿದರು. ಕಾಶಿಯಲ್ಲಿ ಎಷ್ಟು ವರ್ಷವಾಯಿತು, ಮಠದಲ್ಲಿ ಎಷ್ಟು ಜನಕ್ಕೆ ಅಡುಗೆ ಎಂದೆಲ್ಲ ಕೇಳಿದರು. ಆಮೇಲೆ ಹುಡುಗಿಯ ಕಾಲುಂಗುರ ನೋಡಿ, ಮದುವೆಯಾಗಿದೆಯಲ್ಲ, ಗಂಡ ಎಲ್ಲಿ ಎಂದರು.

ನಾನು ನಡುವೆ ಬಾಯಿ ಹಾಕಿದೆ. ಬೇರೆಯಾಗಿದ್ದಾರೆ ಸರ್, ತಂದೆಯವರೇ ಬಂದಿದ್ದಾರೆ, ಅವರ ಒಪ್ಪಿಗೆ ಸಾಕು ಎಂದೆ.

"ಕೋರ್ಟಿನಲ್ಲಿ ಆಗಿದೆಯೇ?"

ಆಗಿರಲಿಲ್ಲ. ಹುಡುಗಿ ತಾನೇ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದಳು, ಅವನು ಹಳೆಯ ಜಾಗದಲ್ಲಿ ಬಂದು ಹೊಡೆದಿದ್ದಾನೆ, ಅವನಿಗೆ ತಿಳಿಸುವುದು ಬೇಡ ಸರ್ ಎಂದು. ಇದಕ್ಕಿಂತ ಬಿಡಿಸಿ ಯಾರು ಹೇಳಬೇಕು? ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಅವರು ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಾಗಿದ್ದರೆ ಅವನ ಒಪ್ಪಿಗೆ ಇನ್ನೂ ಮುಖ್ಯವಾಯಿತಲ್ಲ ಬೇಟಿ, ಎಂದರು. ಅವನು ಮೊದಲೇ ಹೂಂ ಅಂದರೆ ನಾಳೆ ಇಲ್ಲಿ ಬಂದು ಗಲಾಟೆ ಮಾಡುವ ಪ್ರಶ್ನೆಯೇ ಇರುವುದಿಲ್ಲ.

ಹುಡುಗಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮೇಡಂ, ಏನರೇ ಮಾಡ್ರೀ" ಎಂದಳು.

"ಕ್ಯಾ ಕಹ ರಹೀ ಹೈ?" ಎಂದರು ಸಾಹೇಬರು.

ಗಂಡನಿಗೆ ಹೇಳುವುದು ಅಪಾಯ ಎನ್ನುತ್ತಿದ್ದಾಳೆ, ನನಗೂ ಹಾಗೇ ಅನಿಸುತ್ತದೆ, ದಯವಿಟ್ಟು ಇದನ್ನು ಇಲ್ಲಿಗೇ ಬಿಡಿ ಎಂದು ನಾನು ಹೇಳಿದೆ. ಅವರು ನನ್ನ ಕಡೆ ಅಂಗೈ ತೋರಿಸಿ ಸುಮ್ಮನಿರಿಸಿದರು. ನೊಣವನ್ನು ಓಡಿಸುವ ಹಾಗೆ. ಅಂಗೈ ಹಾಗೇ ಇಟ್ಟುಕೊಂಡು ಮುದುಕರ ಕಡೆ ತಿರುಗಿದರು. ಬಾಬೂಜಿ, ಅಳಿಯನ ನಂಬರ್ ನಿಮ್ಮ ಹತ್ತಿರ ಇರಬೇಕಲ್ಲ?

ಕಾಕಾ ಜೇಬಿನಿಂದ ಮೊಬೈಲ್ ತೆಗೆದರು. ಹಿರಿಯರು, ಅದರಲ್ಲೂ ಕುರ್ಚಿಯಲ್ಲಿ ಕೂತ ಹಿರಿಯರು ಕೇಳಿದ್ದನ್ನು ಕೊಡುವುದು ಅವರ ಕೈಗೆ ರೂಢಿಯಾಗಿತ್ತು. ಕನ್ನಡಕ ಏರಿಸಿಕೊಂಡು ಓದತೊಡಗಿದರು.

"ಅಪ್ಪಾ, ಬ್ಯಾಡ" ಎಂದಳು ಹುಡುಗಿ.

ಅರ್ಧಕ್ಕೆ ನಿಂತರು. ಮಗಳ ಮುಖ ನೋಡಿದರು. ಸಾಹೇಬರು ಪೆನ್ನು ಹಿಡಿದುಕೊಂಡೇ, ಹೂಂ ಬಾಬೂಜಿ, ಮುಂದೆ, ಎಂದರು. ಅವರು ಮುಂದಿನದನ್ನೂ ಓದಿದರು.

ಸಾಹೇಬರು ಅಲ್ಲೇ, ನಮ್ಮೆಲ್ಲರೆದುರೇ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಹಾಕಿದರು, ಮುಚ್ಚುಮರೆ ಏಕೆಂದು. ಆ ಕಡೆಯ ದನಿ ಬೆಣ್ಣೆಯಷ್ಟು ಮೆತ್ತಗಿತ್ತು. ಜೀ ಸರ್, ನಮಸ್ತೇ ಸರ್, ಅವಳು ಕೆಲಸ ಮಾಡಿದರೆ ನನಗೆ ಸಂತೋಷವೇ ಸರ್. ಯಾವ ಆಸ್ಪತ್ರೆ ಅಂದಿರಿ ಸರ್? ಸಾಹೇಬರು ಹೆಸರು ಹೇಳಿದರು. ರಸ್ತೆ ಹೇಳಿದರು. ಯಾವ ಪೆಟ್ರೋಲ್ ಬಂಕಿನ ಪಕ್ಕ ಅನ್ನುವುದನ್ನೂ ಹೇಳಿದರು. ಹುಡುಗಿ ಎದ್ದು ಹೊರಗೆ ಹೋದಳು. ಅವಳ ಚಹಾದ ಮೇಲೆ ಕೆನೆ ಕಟ್ಟಿತ್ತು.

ಮರುದಿನ ಆ ಗಂಡ ಖುದ್ದಾಗಿ ಬಂದ. ನಾನು ಏನೋ ರಾಕ್ಷಸನನ್ನು ಕಲ್ಪಿಸಿಕೊಂಡಿದ್ದೆ. ಬಂದವನು ತೆಳ್ಳಗಿನ, ನೀಟಾಗಿ ಬಾಚಿದ, ನೋಡಿದರೆ ಯಾರಾದರೂ ಹೆಣ್ಣು ಕೊಟ್ಟುಬಿಡುವಂಥ ಮನುಷ್ಯ. ಕೈಯಲ್ಲಿ ಲವಂಗಲತಾ ಮಿಠಾಯಿಯ ಡಬ್ಬಿ. ಸಾಹೇಬರ ಕಾಲು ಮುಟ್ಟಿ ನಮಸ್ಕರಿಸಿದ. ನನ್ನ ಕಡೆಯಿಂದ ಪೂರ್ತಿ ಒಪ್ಪಿಗೆ ಇದೆ ಸರ್, ಎಂದ. ಬರೇ ಅವಳ ಡ್ಯೂಟಿ ಸಮಯ ಹೇಳಿ, ನಾನೇ ದಿನಾ ಬಂದು ಕರೆದುಕೊಂಡು ಹೋಗುತ್ತೇನೆ, ಹೆಣ್ಣುಮಗಳು ಒಬ್ಬಳೇ ಟೋಟೋದಲ್ಲಿ ಓಡಾಡುವುದು ಬೇಡ. ಟೋಟೋ ಎಂದರೆ ಇಲ್ಲಿಯ ಬ್ಯಾಟರಿ ರಿಕ್ಷಾ. ಅವಳು ಟೋಟೋದಲ್ಲಿ ಓಡಾಡುತ್ತಾಳೆ ಎಂದು ಇವನಿಗೆ ಯಾರು ಹೇಳಿದರು? ಅದನ್ನು ಕೇಳಬೇಕೆಂದು ಆ ಕೋಣೆಯಲ್ಲಿ ಬೇರೆ ಯಾರಿಗೂ ತೋಚಲಿಲ್ಲ. ನಾನು ಕೇಳಿದೆ. ಅವನು ನನ್ನನ್ನು ನೋಡಿ ನಕ್ಕ. ನನ್ನ ಹೆಂಡತಿ ಅಲ್ಲವೇ ಮೇಡಂ, ತಿಳಿಯದೆ ಇರುತ್ತದೆಯೇ, ಎಂದ.

ಡ್ಯೂಟಿ ಸಮಯ ಇನ್ನೂ ನಿಗದಿಯಾಗಿಲ್ಲ ಎಂದು ನಾನು ಎದ್ದುಬಿಟ್ಟೆ. ಬೆನ್ನ ಹಿಂದೆ ಸಾಹೇಬರು, ಇರಿ ಮೇಡಂ, ಮಿಠಾಯಿ ತಗೊಳ್ಳಿ, ಎಂದರು. ಎಷ್ಟು ಸಂಭಾವಿತ ಮನುಷ್ಯ ನೋಡಿ, ನೀವು ಸುಮ್ಮನೆ ಹೆದರಿದಿರಿ, ಎಂದೂ ಅಂದರು. ಅವತ್ತು ಆಫೀಸಿನವರೆಲ್ಲ ಆ ಮಿಠಾಯಿ ತಿಂದರು. ನನ್ನ ಮೇಜಿನ ಮೇಲೆ ಯಾರೋ ಕಾಗದದಲ್ಲಿ ಸುತ್ತಿ ಒಂದನ್ನು ಇಟ್ಟುಹೋಗಿದ್ದರು. ಕಸದ ಬುಟ್ಟಿಗೆ ಹಾಕಿದೆ.

ಮಧ್ಯಾಹ್ನ ಹುಡುಗಿಯ ಫೋನು ಬಂತು. ಬಂದು ಸೇರುವುದಿಲ್ಲ ಎಂದಳು.

"ಆರ್ಡರ್ ರೆಡಿ ಅದ ಅಲ್ಲ," ಎಂದೆ. ಎಷ್ಟು ದಡ್ಡ ಮಾತು.

"ಅಂವ ಬ್ಯಾಡ ಅಂದಿದ್ರ ಬರ್ತಿದ್ದೆ ಮೇಡಂ. ಬ್ಯಾಡ ಅಂದ್ರ ಏನು, ನಾ ಕೇಳ್ತಿದ್ದಿಲ್ಲ. ಅಂವ ಹೂಂ ಅಂದಾನಲ್ರೀ. ಈಗ ಹ್ಯಾಂಗ್ ಬರ್ಲಿ?"

ಅವಳೇ, "ನಿಮ್ದೇನ್ ತಪ್ಪಿಲ್ಲ ಬಿಡ್ರೀ" ಎಂದು ಫೋನಿಟ್ಟಳು. ಸಮಾಧಾನ ಹೇಳಬೇಕಾದವಳು ನಾನು.

ನಾನು ನೇರ ದೊಡ್ಡ ಸಾಹೇಬರ ಕೋಣೆಗೆ ಹೋದೆ. ಒಳಗೆ ಔಷಧ ಕಂಪನಿಯವನೊಬ್ಬ ಕೂತಿದ್ದ, ಅವನೆದುರೇ ಶುರು ಮಾಡಿದೆ. ನಿಮ್ಮ ರೀತಿ ನೀತಿಯಿಂದ ಒಬ್ಬ ಹೆಂಗಸಿನ ಅನ್ನ ಹೋಯಿತು, ಅವಳ ಜೀವಕ್ಕೂ ಕುತ್ತು ಬಂತು ಎಂದೆ. ಅವಳು ಬಾಯಿ ಬಿಟ್ಟು ಹೇಳಿದ್ದಳು, ನಿಮ್ಮ ಕಿವಿಗೆ ಏನಾಗಿತ್ತು ಎಂದೆ. ನನಗೆ ನಿಜವಾಗಿ ಸಿಟ್ಟು ಬಂದರೆ ಹಿಂದಿ ಸಾಕಾಗುವುದಿಲ್ಲ. ನಡುವೆ ಎಲ್ಲೋ ಧಾರವಾಡ ಹೊಕ್ಕಿತು. ನಿನ್ನ ಹೆಣಾ ಎತ್ತಲಿ ಎಂದವಳು ಅಲ್ಲಿಗೇ ನಿಲ್ಲಲಿಲ್ಲ, ನಮ್ಮಜ್ಜಿ ಬಳಸುತ್ತಿದ್ದ ಮಾತುಗಳೂ ಬಂದವು. ಬೈಗುಳದ ಅರ್ಥ ಅವರಿಗೆ ಆಗಲಿಲ್ಲ. ನೀರು ಕುಡಿಯಿರಿ ಮೇಡಂ, ಬಿಪಿ ಹೆಚ್ಚಾದೀತು, ಎಂದು ಲೋಟ ಮುಂದೆ ತಳ್ಳಿದರು. ಆಮೇಲೆ ಬಹಳ ಶಾಂತವಾಗಿ, ನೋಡಿದಿರಾ, ಇದಕ್ಕೇ ಹೇಳುವುದು, ಎಂದರು. ಗಂಡ ಹೂಂ ಎಂದರೂ ಅವಳಿಗೇ ಮನಸ್ಸಿಲ್ಲ. ಮನೆಯವರನ್ನು ಕರೆಸದೆ ತೆಗೆದುಕೊಂಡಿದ್ದರೆ ಎರಡು ದಿನಕ್ಕೆ ಬಿಟ್ಟು ಹೋಗುತ್ತಿದ್ದಳು.

ಮುಂದಿನ ಮೀಟಿಂಗುಗಳಲ್ಲಿ ಆ ಹುಡುಗಿ ಒಂದು ಉದಾಹರಣೆಯಾಗಿಬಿಟ್ಟಳು. ಮನೆಯವರ ಒಪ್ಪಿಗೆ ಕೇಳುವುದು ಎಷ್ಟು ಅಗತ್ಯ ಎನ್ನುವುದಕ್ಕೆ ಉದಾಹರಣೆ. ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆ ಉರಿಸಿಕೊಂಡೇ ಅಲ್ಲೇ ಕೂತಿರುತ್ತಿದ್ದೆ, ಯಾಕೆಂದರೆ ನಾನು ಬಿಟ್ಟು ಹೋದರೆ ಆ ಕುರ್ಚಿಗೆ ಸಾಹೇಬರ ಸೋದರಳಿಯ ಬರುವವನಿದ್ದ.

ಸಂಭಾವಿತ ಮನುಷ್ಯ ಮಾತ್ರ ಬರುವುದನ್ನು ಬಿಡಲಿಲ್ಲ. ಶಿಫ್ಟ್ ಬದಲಾಗುವ ಹೊತ್ತಿಗೆ ಗೇಟಿನ ಎದುರು ಪಾನ್ ಅಂಗಡಿಯ ಹತ್ತಿರ ಬೈಕಿನ ಮೇಲೆ ಕೂತಿರುತ್ತಿದ್ದ. ಹೊರಗೆ ಬರುವ ನರ್ಸುಗಳ ಮುಖ ಒಂದೊಂದಾಗಿ ನೋಡುತ್ತಿದ್ದ. ಅವಳು ಇಲ್ಲಿ ಸೇರಿಲ್ಲ ಎಂದು ಗಾರ್ಡು ಹೇಳಿದರೂ ನಂಬಲಿಲ್ಲ. ಮೇಡಂ, ಆ ಮಿಠಾಯಿಯವನು ಇವತ್ತೂ ಬಂದಿದ್ದಾನೆ, ಎಂದು ಗಾರ್ಡು ನನಗೆ ಬಂದು ಹೇಳುತ್ತಿದ್ದ. ಪೊಲೀಸರಿಗೆ ತಿಳಿಸೋಣ ಎಂದು ಸಾಹೇಬರಿಗೆ ಹೇಳಿದೆ. ಪಾಪ, ಹೆಂಡತಿಯನ್ನು ಹುಡುಕುತ್ತಿದ್ದಾನೆ, ಅದರಲ್ಲಿ ಪೊಲೀಸರಿಗೆ ಏನು ಕೆಲಸ, ಎಂದರು. ನಾನೇ ಚೌಕಿಗೆ ಹೋಗಿ ಹೇಳಿ ಬಂದೆ. ರಸ್ತೆಯಲ್ಲಿ ಕೂರುವುದು ಅಪರಾಧವಲ್ಲ ಮಾತಾಜಿ ಎಂದು ಅವರೂ ಕೈ ತೊಳೆದುಕೊಂಡರು.

ಆಮೇಲೆ ನಾನು ಒಂದು ಕೆಲಸ ಶುರು ಮಾಡಿದೆ. ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಮೊದಲೇ ಫೋನಿನಲ್ಲಿ, ನಿಮ್ಮ ಮಾತು ಕೇಳುವಂಥ ಯಾರನ್ನಾದರೂ ಕರೆದುಕೊಂಡು ಬನ್ನಿ, ಅವರು ನಿಮ್ಮ ಚಾಚಾ ಎಂದು ಹೇಳಿ, ಅಷ್ಟೇ ಸಾಕು ಎನ್ನತೊಡಗಿದೆ. ಚಾಚಾಗಳು ಬರತೊಡಗಿದರು. ಬಳೆ ಅಂಗಡಿಯವರು, ಟ್ಯೂಷನ್ ಮಾಸ್ತರರು, ಎದುರು ಮನೆಯ ನಿವೃತ್ತ ಗುಮಾಸ್ತರು. ಬಿಳಿ ಮೀಸೆಯ ಒಬ್ಬ ಟೇಲರಂತೂ ಒಬ್ಬಳಿಗೆ ಚಾಚಾ, ಇನ್ನೊಬ್ಬಳಿಗೆ ಮಾಮಾ ಆಗಿ ಬಂದ. ಸಾಹೇಬರಿಗೆ ಗುರುತೇ ಹತ್ತಲಿಲ್ಲ. ಎಲ್ಲರಿಗೂ ಚಹಾ ಕುಡಿಸಿ, ಈಚೆಗೆ ಕುಟುಂಬಗಳು ಎಷ್ಟು ಸಹಕಾರ ಕೊಡುತ್ತಿವೆ ಎಂದು ಹೆಮ್ಮೆಪಟ್ಟರು. ಇದರಿಂದ ನನಗೆ ಸ್ವಲ್ಪ ಖುಷಿಯಾದದ್ದು ನಿಜ. ಆದರೆ ಆ ಹುಡುಗಿಗೆ ಇದರಿಂದ ಏನೂ ಆಗಲಿಲ್ಲ. ಅವಳ ಫೋನು ಸ್ವಿಚ್ ಆಫ್ ಆಗಿತ್ತು, ಬದುಕಿದ್ದಾಳೋ ಇಲ್ಲವೋ ಎನ್ನುವುದೂ ನನಗೆ ಗೊತ್ತಿರಲಿಲ್ಲ.

ಚಳಿ ಶುರುವಾದಾಗ ನನ್ನ ಚಿಕ್ಕಮ್ಮ ಕಾಶಿಗೆ ಬಂದರು. ನಮ್ಮ ಮನೆಯಲ್ಲಿ ಇರಿ ಎಂದರೆ ಕೇಳದೆ ಅದೇ ಮಠದಲ್ಲಿ ಖೋಲಿ ಹಿಡಿದರು. ಅವರನ್ನು ನೋಡಲು ಹೋದವಳು ಮಧ್ಯಾಹ್ನ ಪ್ರಸಾದಕ್ಕೆ ಕೂತೆ. ಅನ್ನದ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಾ ಬಂದವರು ಕಾಕಾ. ನನ್ನ ಎಲೆಯ ಮುಂದೆ ಬಂದಾಗ ಗುರುತು ಹಿಡಿದರು. ಆಮೇಲೆ ಬೇಡಬೇಡವೆಂದರೂ ಇನ್ನೊಂದು ಸಲ ಬಡಿಸಿ ಮುಂದೆ ಹೋದರು.

ಊಟವಾದ ಮೇಲೆ ಅವರನ್ನು ಹುಡುಕಿಕೊಂಡು ಹಿಂದಿನ ಅಂಗಳಕ್ಕೆ ಹೋದೆ. ನಲ್ಲಿಯ ಹತ್ತಿರ ಬುಟ್ಟಿ ತೊಳೆಯುತ್ತಿದ್ದರು. ಮಗಳು ಹೇಗಿದ್ದಾಳೆ ಎಂದು ಕೇಳಿದೆ.

"ಆರಾಮ್ ಅದಾಳ್ರೀ ಅಕ್ಕಾರ. ಕೆಲಸಾ ಸಿಕ್ಕದ. ಛಲೋ ಅದ."

"ಎಲ್ಲಿ? ಇದೇ ಊರೊಳಗೇನು?"

ಅವರು ಬುಟ್ಟಿಯನ್ನು ಬೋರಲು ಹಾಕಿದರು, ಮತ್ತೆ ಎತ್ತಿ ಮತ್ತೊಮ್ಮೆ ತೊಳೆದರು. ಅವರಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೆ ಕೇಳಿದೆ.

"ಅದು ಹೇಳಂಗಿಲ್ರೀ."

"ಅಯ್ಯ, ನಾ ಯಾರ್ ಮುಂದೂ ಹೇಳೂದಿಲ್ಲ ಕಾಕಾ. ಒಂದ್ ಸಲ ಮಾತಾಡ್ತೀನಿ, ಅಷ್ಟ. ನಂಬರರೇ ಕೊಡ್ರೀ."

ಮುದುಕರು ಕೈ ಜೋಡಿಸಿದರು, ಒದ್ದೆ ಕೈ. "ಕೇಳಿದವರಿಗೆ ಒಮ್ಮೆ ಕೊಟ್ಟೀನ್ರೀ ನಾ. ಇನ್ ಕೊಡಂಗಿಲ್ಲ. ನೀವು ಕೇಳಬ್ಯಾಡ್ರೀ."

ನನಗೆ ಸಿಟ್ಟು ಬಂತು. ಅವಳಿಗಾಗಿ ಅಷ್ಟು ಜಗಳಾಡಿದವಳು, ಪೊಲೀಸ್ ಚೌಕಿಯವರೆಗೆ ಹೋದವಳು ನಾನು. ಅದನ್ನೆಲ್ಲ ಹೇಳಲು ಬಾಯಿ ತೆರೆದೆ. ಮನುಷ್ಯ ಕೈ ಜೋಡಿಸಿಕೊಂಡೇ ನಿಂತಿದ್ದರು, ಹಿಂದೆ ಸರಿಯಲಿಲ್ಲ. ನನ್ನ ಕೊರಳಲ್ಲಿ ಆಸ್ಪತ್ರೆಯ ಗುರುತಿನ ಕಾರ್ಡು ನೇತಾಡುತ್ತಿತ್ತು, ಕೆಲಸದಿಂದ ನೇರ ಬಂದಿದ್ದೆ. ಅವರು ಅದನ್ನೇ ನೋಡುತ್ತಿದ್ದರು.

ತೆರೆದ ಬಾಯಿ ಮುಚ್ಚಿಕೊಂಡೆ. "ಹೇಳಬ್ಯಾಡ್ರೀ ಕಾಕಾ," ಎಂದೆ. "ಯಾರ್ ಕೇಳಿದ್ರೂ ಹೇಳಬ್ಯಾಡ್ರೀ."

"ಆತ್ರೀ," ಎಂದು ಅವರು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.